ಬಳ್ಳಿಗೆ ತಕ್ಕ ಆಸರೆ

ಮನೆಯ ಮುಂದೆ ಒಂದು ಬಳ್ಳಿಯನ್ನು ಹಬ್ಬಿಸಬೇಕೆಂಬ ಆಸೆ ಯಾರಿಗಿಲ್ಲ? ಆದರೆ ಹೂವಿನ ಬಣ್ಣಕ್ಕೆ ಮರುಳಾಗಿ ಸಸಿಯನ್ನು ತರುವ ಮೊದಲು, ಅದು ಹತ್ತುವ ಬಗೆ ಯಾವುದೆಂದು ತಿಳಿಯಿರಿ. ಚಾರ್ಲ್ಸ್ ಡಾರ್ವಿನ್ 1865ರಲ್ಲಿ ಈ ವಿಷಯವಾಗಿ ದೀರ್ಘ ಪ್ರಬಂಧವನ್ನೇ ಪ್ರಕಟಿಸಿ, ಬಳ್ಳಿಗಳನ್ನು ಅವು ಏರುವ ಕ್ರಮದಂತೆ ವಿಂಗಡಿಸಿದನು. ಆ ವಿಂಗಡಣೆ ನಮ್ಮ ಹಿತ್ತಲಿಗೂ ಒದಗುತ್ತದೆ.

ಅವರೆ, ಬಸಳೆ, ಶಂಖಪುಷ್ಪಗಳು ಕಾಂಡದಿಂದಲೇ ಆಸರೆಯನ್ನು ಸುತ್ತಿ ಏರುತ್ತವೆ. ಇವುಗಳಿಗೆ ಸಣ್ಣ ಕೋಲು ಅಥವಾ ಹುರಿ ಸಾಕು. ದಪ್ಪ ಕಂಬವನ್ನು ಎಳೆಯ ಬಳ್ಳಿ ಬಳಸಲಾರದು. ತೊಂಡೆ, ಹಾಗಲ, ಹೀರೆಗಳು ನೂಲಿನಂತಹ ಕುಡಿಗಳನ್ನು ಚಾಚಿ ಹಿಡಿಯುತ್ತವೆ. ಇವಕ್ಕೆ ಚಪ್ಪರವೋ ತಂತಿಯ ಜಾಲರಿಯೋ ಬೇಕು. ನುಣುಪಾದ ಗೋಡೆ ಇದ್ದರೂ ಇಲ್ಲದಂತೆಯೇ. ವೀಳ್ಯದೆಲೆಯೂ ಕರಿಮೆಣಸೂ ಗೆಣ್ಣುಗಳಲ್ಲಿ ಬೇರು ಬಿಟ್ಟು ಅಂಟುತ್ತವೆ. ಒರಟು ತೊಗಟೆಯ ಮರ, ನೆರಳು, ತೇವ ಇವಕ್ಕೆ ಹಿತ. ಕಾಗದದ ಹೂವಿನ ಗಿಡ ಮುಳ್ಳನ್ನೇ ಕೊಕ್ಕೆಯಾಗಿಸಿ ಮೇಲೇರುತ್ತದೆ. ಅದಕ್ಕೆ ತುಂಬು ಬಿಸಿಲೂ ಗಟ್ಟಿ ಕಮಾನೂ ಬೇಕು. ಜನ ಓಡಾಡುವ ಬಾಗಿಲ ಬಳಿ ಅದು ಸಲ್ಲದು.

ವಿಚಾರಿಸತಕ್ಕ ಸಂಗತಿ ಇನ್ನೊಂದುಂಟು. ಅಗ್ನಿಶಿಖೆಯು ಎಲೆಯ ತುದಿಯನ್ನೇ ಸುರುಳಿ ಮಾಡಿಕೊಂಡು ಹತ್ತುವ ಸುಂದರವಾದ ಬಳ್ಳಿ; ಹೆಸರಿಗೆ ತಕ್ಕಂತೆ ಹೂವು ಜ್ವಾಲೆಯಂತಿರುತ್ತದೆ. ಆದರೆ ಗಿಡವೆಲ್ಲ ವಿಷ. ಅದರ ಗೆಡ್ಡೆಯನ್ನು ಗೆಣಸೆಂದು ತಿಂದು ಪ್ರಾಣ ಕಳೆದುಕೊಂಡವರುಂಟು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ನೆಡಲೇಬಾರದು.

ಒಂದೇ ಬಳ್ಳಿಗೆ ಸ್ಥಳವಿದೆಯೇ? ಬಸಳೆಯ ತುಂಡೊಂದನ್ನು ಊರಿ, ಕೋಲು ನಿಲ್ಲಿಸಿ, ನೀರು ಹನಿಸಿ. ಕಣ್ಣಿಗೆ ಹಸುರು, ಅಡಿಗೆಗೆ ಸೊಪ್ಪು ಎರಡೂ ದೊರೆಯುವುವು.