‘ಮ್ಯೂಟಿನಿ’ಯೋ ‘ರೆಬೆಲಿಯನ್’ಓ: ಸುರಪುರದ 1858ರಿಂದ ಒಂದು ಪದಪಾಠ

ಅಭ್ಯಾಸ ಬೋಧನೆಯ ಇಂಗ್ಲಿಷ್ ಪಾಠಗಳಲ್ಲಿ ‘ಹೊಸ ಪದಗಳ ಪರಿಚಯ’ ಎಂಬ ಹಂತಕ್ಕೆ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಐದು ನಿಮಿಷ ಕೊಡುತ್ತಾರೆ. ಕಪ್ಪುಹಲಗೆಯ ಎಡಕ್ಕೆ ಪದ, ನಡುವೆ ಸಮ ಚಿಹ್ನೆ, ಬಲಕ್ಕೆ ಸಮಾನಾರ್ಥಕ. ‘ರಿವೋಲ್ಟ್’ ಎಂಬ ಪದ ಬಂತೆಂದರೆ ‘ರೆಬೆಲಿಯನ್’, ‘ಮ್ಯೂಟಿನಿ’, ‘ಅಪ್‌ರೈಸಿಂಗ್’ ಸಾಲಾಗಿ ನಿಲ್ಲುತ್ತವೆ. ಎಲ್ಲಕ್ಕೂ ಸೇರಿಸಿ ಕೆಳಗೆ ‘ದಂಗೆ’ ಎಂದು ಬರೆದರೆ ಹಂತ ಮುಗಿಯಿತು. ತೊಂದರೆ ಇರುವುದು ಆ ಸಮ ಚಿಹ್ನೆಯಲ್ಲಿಯೇ. ಗಣಿತದಲ್ಲಿ ಅದರ ಎರಡೂ ಬದಿಗಳನ್ನು ಅದಲುಬದಲು ಮಾಡಬಹುದು. ಭಾಷೆಯಲ್ಲಿ ಹಾಗೆ ಮಾಡಿದರೆ ವಾಕ್ಯ ಕೆಡುತ್ತದೆ, ಕೆಲವೊಮ್ಮೆ ಇತಿಹಾಸವೂ ಕೆಡುತ್ತದೆ.

ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳಿಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಈ ವ್ಯತ್ಯಾಸ ತೋರಿಸಲು ದೂರದ ಉದಾಹರಣೆ ಬೇಕಿಲ್ಲ. ಸುರಪುರ ಬೇಡ ನಾಯಕರ ಸಂಸ್ಥಾನ. ನಿಜಾಮರಿಗೆ ಕಪ್ಪ ಕೊಡುತ್ತಿದ್ದ ಸಂಸ್ಥಾನ. ರಾಜಾ ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ, 1840ರ ದಶಕದಲ್ಲಿ, ಫಿಲಿಪ್ ಮೆಡೋಸ್ ಟೇಲರ್ ಎಂಬ ಅಧಿಕಾರಿ ಅಲ್ಲಿದ್ದು ಆಡಳಿತದ ಮೇಲ್ವಿಚಾರಣೆ ನಡೆಸಿದ. 1853ರಲ್ಲಿ ಅಧಿಕಾರ ರಾಜರ ಕೈಗೆ ಬಂತು. 1858ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ಬ್ರಿಟಿಷರ ಪಡೆಗೂ ರಾಜರ ಕಡೆಯವರಿಗೂ ಕಾಳಗವಾಯಿತು. ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜರು ಹೈದರಾಬಾದಿನಲ್ಲಿ ಸೆರೆಸಿಕ್ಕರು. ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷಗಳ ಸೆರೆವಾಸವಾಯಿತು. ಚೆಂಗಲ್ಪಟ್ಟಿಗೆ ಸಾಗಿಸುವ ದಾರಿಯಲ್ಲಿ ಅವರು ಗುಂಡಿನಿಂದ ಸತ್ತರು.

ಈ ಘಟನೆಯನ್ನು ಇಂಗ್ಲಿಷಿನಲ್ಲಿ ಏನೆಂದು ಕರೆಯಬೇಕು?

‘ಮ್ಯೂಟಿನಿ’ ಎನ್ನುವುದು ಸೈನಿಕರ, ನಾವಿಕರ ಪದ. ಯಾರ ಅನ್ನ ತಿಂದು, ಯಾರ ಆಣೆಯಿಟ್ಟು ಪಡೆ ಸೇರಿದರೋ ಆ ಮೇಲಧಿಕಾರಿಯ ಆಜ್ಞೆಯನ್ನೇ ಧಿಕ್ಕರಿಸಿದರೆ ಅದು ಮ್ಯೂಟಿನಿ. 1857ರ ಮೇ 10ರಂದು ಮೀರತ್‌ನಲ್ಲಿ ಎದ್ದವರು, ಅದೇ ವರ್ಷ ಜುಲೈ ಕೊನೆಗೆ ನಮಗೆ ಹತ್ತಿರದ ಕೊಲ್ಲಾಪುರದಲ್ಲಿ ಎದ್ದ 27ನೇ ದಳದವರು ಕಂಪನಿಯ ಸಿಪಾಯಿಗಳು. ಅಲ್ಲಿ ಈ ಪದ ಅರ್ಥದಲ್ಲಿ ಸರಿಹೊಂದುತ್ತದೆ. ವೆಂಕಟಪ್ಪ ನಾಯಕರು ಕಂಪನಿಯ ಸಿಪಾಯಿಯಲ್ಲ. ಅವರ ಬೇಡ ಪಡೆ ಕಂಪನಿಯ ಸಂಬಳ ತಿಂದದ್ದಲ್ಲ. ಹೀಗಾಗಿ ‘ಸುರಪುರ ಮ್ಯೂಟಿನಿ’ ಎಂದರೆ ದೇಶಾಭಿಮಾನದ ಮಾತು ಹಾಗಿರಲಿ, ಇಂಗ್ಲಿಷೇ ತಪ್ಪು. ಕಂಪನಿಯ ನಿಶ್ಶಸ್ತ್ರೀಕರಣ ಕಾನೂನಿಗೆ ಬಗ್ಗದ ಹಲಗಲಿಯ ಬೇಡರಿಗೂ ಇದೇ ಮಾತು.

‘ರೆಬೆಲಿಯನ್’ ಇನ್ನಷ್ಟು ವಿಶಾಲವಾದದ್ದು. ಅರಸ, ಪಾಳೆಯಗಾರ, ಪ್ರಜೆ ಯಾರೂ ಮಾಡಬಹುದು. ಆದರೆ ಸಂಘಟಿತವಾಗಿರಬೇಕು, ಬಹುಮಟ್ಟಿಗೆ ಆಯುಧ ಹಿಡಿದಿರಬೇಕು. ಲ್ಯಾಟಿನ್ ಮೂಲದಲ್ಲಿ ಇದರ ಅರ್ಥ ‘ಮತ್ತೆ ಯುದ್ಧ’. ಅಂದರೆ ಒಮ್ಮೆ ಸೋತು ಒಪ್ಪಿಕೊಂಡವನು ಮತ್ತೆ ಕತ್ತಿ ಎತ್ತುವುದು. ಈ ಮೂಲವನ್ನು ಮಕ್ಕಳಿಗೆ ಹೇಳಬೇಕಿಲ್ಲ, ಶಿಕ್ಷಕರಿಗೆ ಗೊತ್ತಿರಬೇಕು. ಏಕೆಂದರೆ ಈ ಪದ ಬಳಸಿದ ಕೂಡಲೇ ‘ಆಳುವ ಹಕ್ಕು ಎದುರಿನವನದು’ ಎಂದು ಅರ್ಧ ಒಪ್ಪಿದಂತಾಗುತ್ತದೆ. ಸುರಪುರಕ್ಕೆ ಇದು ಹೊಂದುತ್ತದೆ, ಆದರೆ ಬ್ರಿಟಿಷರ ಕಡೆಯಿಂದ ನೋಡಿದಾಗ. ಅರಮನೆಯ ಕಡೆಯಿಂದ ನೋಡಿದರೆ ಅದು ಬರೀ ‘ವಾರ್’, ಯುದ್ಧ. ಇದೇ ರೆಬೆಲಿಯನ್ ಗೆದ್ದು ವ್ಯವಸ್ಥೆಯನ್ನೇ ಮಗುಚಿದರೆ ‘ರೆವೊಲ್ಯೂಷನ್’ ಎಂಬ ಹೆಸರು ಬರುತ್ತದೆ. ಅಮೆರಿಕದವರಿಗೆ ಬಂದದ್ದು ಹಾಗೆ.

‘ರಿವೋಲ್ಟ್’ ಇವೆಲ್ಲಕ್ಕಿಂತ ಹಗುರ, ತೀರ್ಪು ಕಡಿಮೆ. ಪಠ್ಯಪುಸ್ತಕಗಳು ‘1857ರ ರಿವೋಲ್ಟ್’ ಎನ್ನಲು ಇದೂ ಒಂದು ಅನುಕೂಲ ಎಂದು ನನ್ನ ಅನಿಸಿಕೆ. ಒಂದು ಹಳ್ಳವಿದೆ: ಇದರ ವಿಶೇಷಣ ‘ರಿವೋಲ್ಟಿಂಗ್’ ಸಾಮಾನ್ಯ ಬಳಕೆಯಲ್ಲಿ ‘ಹೇಸಿಗೆ ಹುಟ್ಟಿಸುವ’ ಎಂಬ ಅರ್ಥಕ್ಕೆ ಜಾರಿದೆ. ದಂಗೆಯೆದ್ದ ವೀರರನ್ನು ‘ರಿವೋಲ್ಟಿಂಗ್ ಹೀರೋಸ್’ ಎಂದು ಬರೆದರೆ ಹೊಗಳಿಕೆ ಬೈಗುಳವಾಗುತ್ತದೆ. ‘ಅಪ್‌ರೈಸಿಂಗ್’ನಲ್ಲಿ ಜನ ತಾವಾಗಿಯೇ ಎದ್ದುನಿಂತ ಚಿತ್ರವಿದೆ, ಜತೆಗೆ ಬರೆಯುವವನ ಸಹಾನುಭೂತಿಯೂ ಇದೆ. 1946ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ನೌಕಾಪಡೆಯ ನಾವಿಕರು ಎದ್ದದ್ದು ನಿಘಂಟಿನ ಪ್ರಕಾರ ಪಕ್ಕಾ ಮ್ಯೂಟಿನಿ. ಆದರೂ ಇಂದು ಹಲವರು ಅಪ್‌ರೈಸಿಂಗ್ ಎಂದೇ ಬರೆಯುತ್ತಾರೆ.

ಪದ ಆರಿಸುವುದೆಂದರೆ ಪಕ್ಷ ಆರಿಸಿದಂತೆ ಎಂಬುದು ಇತಿಹಾಸಕಾರರಿಗೆ ಚೆನ್ನಾಗಿ ಗೊತ್ತು. ಸಾವರ್ಕರ್ 1909ರಲ್ಲಿ 1857ನ್ನು ‘ಸ್ವಾತಂತ್ರ್ಯ ಯುದ್ಧ’ ಎಂದು ಕರೆದರು. 1957ರಲ್ಲಿ ಆರ್.ಸಿ. ಮಜುಂದಾರ್ ತಮ್ಮ ಪುಸ್ತಕದ ಹೆಸರಿನಲ್ಲಿ ‘ಸಿಪಾಯಿ ಮ್ಯೂಟಿನಿ’ ಮತ್ತು ‘ರಿವೋಲ್ಟ್’ ಎರಡನ್ನೂ ಇಟ್ಟರು. ಅದೇ ವರ್ಷ ಎಸ್.ಬಿ. ಚೌಧುರಿ ‘ಮ್ಯೂಟಿನಿಗಳೊಳಗಿನ ಸಿವಿಲ್ ರೆಬೆಲಿಯನ್’ ಎಂದರು. ಇಬ್ಬರೂ ಎರಡೆರಡು ಪದ ಬಳಸಿದ್ದು ಅಲಂಕಾರಕ್ಕಲ್ಲ. ಸಿಪಾಯಿಗಳು ಮಾಡಿದ್ದು ಒಂದು, ಉಳಿದವರು ಮಾಡಿದ್ದು ಇನ್ನೊಂದು ಎಂದು ಬೇರ್ಪಡಿಸಲು.

ಇನ್ನು ‘ದಂಗೆ’ಯ ವಿಷಯ. ಕನ್ನಡದಲ್ಲಿ ‘ಸಿಪಾಯಿ ದಂಗೆ’ ಎಂಬ ಬಳಕೆ ಗಟ್ಟಿಯಾಗಿ ನಿಂತಿದೆ. ಆದರೆ ನಮ್ಮ ತರಗತಿಗಳಲ್ಲಿ ಮನೆಯಲ್ಲಿ ದಖ್ಖನಿ ಆಡುವ ಮಕ್ಕಳೂ ಇರುತ್ತಾರೆ. ಅವರ ಕಿವಿಗೆ ‘ದಂಗಾ’ ಎಂದರೆ ಬೀದಿ ಗಲಭೆ, ಹೊಡೆದಾಟ, ಇಂಗ್ಲಿಷಿನ ‘ರಾಯಟ್’. ಅವರ ಮನೆಯ ಹಿರಿಯರು 1857ನ್ನು ‘ಗದರ್’ ಎನ್ನಬಹುದು. ಅದರ ಅರಬ್ಬಿ ಮೂಲದಲ್ಲಿ ನಂಬಿಕೆದ್ರೋಹದ ಅರ್ಥವಿದೆ, ‘ಗದ್ದಾರ್’ ಹುಟ್ಟಿದ್ದೂ ಅಲ್ಲಿಂದಲೇ. ಆ ಹೆಸರನ್ನೇ 1913ರಲ್ಲಿ ಗದರ್ ಪಕ್ಷದವರು ಹೆಮ್ಮೆಯಿಂದ ಇಟ್ಟುಕೊಂಡದ್ದು ಬೇರೆ ಮಾತು. ಸುರಪುರದ ಮಗುವೊಂದು ತನ್ನೂರಿನ ರಾಜನ ಹೋರಾಟವನ್ನು ‘ರಾಯಟ್’ ಎಂದು ತಿಳಿದುಕೊಂಡು ಮನೆಗೆ ಹೋದರೆ, ಅದಕ್ಕೆ ಹಲಗೆಯ ಮೇಲಿನ ಆ ಒಂದು ಅನುವಾದ ಸಾಕು.

‘ಬಂಡಾಯ’ ಹೆಚ್ಚು ಉಪಯುಕ್ತ, ಆದರೆ ಅದೂ ಒಂದೇ ಇಂಗ್ಲಿಷ್ ಪದಕ್ಕೆ ಸಿಗುವುದಿಲ್ಲ. ‘ನರಗುಂದ ಬಂಡಾಯ’ ಎಂದರೆ 1858ರ ಬಾಬಾಸಾಹೇಬನದೂ ಹೌದು, 1980ರ ರೈತರದೂ ಹೌದು. ಮೊದಲನೆಯದು ರೆಬೆಲಿಯನ್; ಎರಡನೆಯದಕ್ಕೆ ‘ಅಜಿಟೇಶನ್’ ಅಥವಾ ಅಪ್‌ರೈಸಿಂಗ್ ಸರಿ. ಚುನಾವಣೆ ಬಂದಾಗಲೆಲ್ಲ ಕೇಳುವ ‘ಬಂಡಾಯ ಅಭ್ಯರ್ಥಿ’ ‘ರೆಬೆಲ್’ ಆಗುತ್ತಾನೆ. ಅವನನ್ನು ‘ಮ್ಯೂಟಿನಿ ಅಭ್ಯರ್ಥಿ’ ಎಂದರೆ ಎಂಟನೆಯ ತರಗತಿಯ ಮಕ್ಕಳೂ ನಗುತ್ತಾರೆ. ಆ ನಗು ಬಂತೆಂದರೆ ಅರ್ಥಚ್ಛಾಯೆ ತಲುಪಿತು ಎಂದೇ ಲೆಕ್ಕ. ಉಚ್ಚಾರಣೆಯನ್ನೂ ಇಲ್ಲೇ ಮುಗಿಸಬಹುದು: ‘ರೆಬೆಲ್’ ನಾಮಪದವಾದಾಗ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದಾಗ ಎರಡನೆಯದಕ್ಕೆ.

ಪಾಠ ಯೋಜನೆಯಲ್ಲಿ ಇದಕ್ಕೆ ಹತ್ತು ನಿಮಿಷ ಬೇಕು. ಸಮ ಚಿಹ್ನೆ ಬಿಡಿ. ಹಲಗೆಯ ಮೇಲೆ ಮೀರತ್, ಕೊಲ್ಲಾಪುರ, ಹಲಗಲಿ, ಸುರಪುರ ಎಂದು ನಾಲ್ಕು ಹೆಸರು ಬರೆದು, ಪ್ರತಿಯೊಂದಕ್ಕೂ ಯಾರು ಎದ್ದರು, ಯಾರ ವಿರುದ್ಧ, ಅವರ ಸಂಬಳ ಯಾರದು ಎಂಬ ಮೂರೇ ಪ್ರಶ್ನೆ ಕೇಳಿ. ಪದವನ್ನು ಮಕ್ಕಳೇ ಆರಿಸಲಿ, ‘ಏಕೆ’ ಎಂಬುದಕ್ಕೆ ಒಂದು ವಾಕ್ಯ ಕನ್ನಡದಲ್ಲೇ ಹೇಳಲಿ. ಸುರಪುರಕ್ಕೆ ಒಬ್ಬ ‘ರೆಬೆಲಿಯನ್’, ಇನ್ನೊಬ್ಬ ‘ವಾರ್’ ಎಂದರೆ ಇಬ್ಬರಿಗೂ ಅಂಕ ಕೊಡಿ. ಕಾರಣ ಹೇಳದವರಿಗೆ ಮಾತ್ರ ಕಡಿಮೆ ಮಾಡಿ. ವೀಕ್ಷಣಾ ಪುಸ್ತಕದಲ್ಲಿ ಮೇಲ್ವಿಚಾರಕರು ‘ಒಂದೇ ಸರಿ ಉತ್ತರ ಕೊಡಲಿಲ್ಲ’ ಎಂದು ಬರೆದರೆ, ಆ ಎರಡು ಕಾರಣಗಳನ್ನು ಅದರ ಕೆಳಗೆ ಬರೆದಿಡಿ.