ನೂರು ಪೌಂಡಿನ ಕಾರು, ಮರುಭೂಮಿಯ ದಾರಿ

ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಿದ ಜೋಳ ಕೊಂಡರಂತೆ ಎಂಬ ಮಾತು ನಮ್ಮಲ್ಲಿ ಹಳೆಯದು. ಹಳೆಯ ಕಾರು ಕೊಳ್ಳಹೊರಟವರಿಗೆ ಹಿರಿಯರು ಹೇಳುವ ಬುದ್ಧಿಯೂ ಇದೇ. ಆದರೆ ಬೇಕೆಂದೇ ಮುಗ್ಗಿದ ಜೋಳವನ್ನು ಹುಡುಕಿಕೊಂಡು ಹೋಗುವವರೂ ಜಗತ್ತಿನಲ್ಲಿದ್ದಾರೆ. ಗುಜರಿಯ ದಾರಿ ಹಿಡಿದ ಕಾರನ್ನು ನಾಮಮಾತ್ರದ ಬೆಲೆಗೆ ಕೊಂಡು, ಕೈಯಿಂದಲೇ ರಿಪೇರಿ ಮಾಡಿಕೊಂಡು, ಮರುಭೂಮಿಗಳನ್ನು ದಾಟಿ ಸಾವಿರಾರು ಕಿಲೋಮೀಟರ್ ಓಡಿಸುವುದು ಅವರ ಹವ್ಯಾಸ. ಯೂರೋಪಿನಲ್ಲಿ ಕಳೆದ ಕೆಲವು ದಶಕಗಳಲ್ಲಿ ಬೆಳೆದ ಈ ‘ಬಡವರ ರ‍್ಯಾಲಿ’ಗಳು ಮೇಲ್ನೋಟಕ್ಕೆ ತಮಾಷೆಯಂತೆ ಕಂಡರೂ ಅವುಗಳ ಹಿಂದೆ ಒಂದು ಇತಿಹಾಸವಿದೆ, ಒಂದು ಗಂಭೀರವಾದ ಪ್ರಶ್ನೆಯೂ ಇದೆ.

ಸಾಮಾನ್ಯ ಕಾರುಗಳ ಕಾಲ

ರೇಸು ಬೇರೆ, ರ‍್ಯಾಲಿ ಬೇರೆ. ರೇಸು ಮುಚ್ಚಿದ ಟ್ರ್ಯಾಕಿನ ಮೇಲೆ ನಡೆಯುವ ಓಟ. ರ‍್ಯಾಲಿಯಾದರೋ ಊರಿಂದೂರಿಗೆ ರಸ್ತೆಯ ಮೇಲೆ ಸಾಗುವಂಥದ್ದು. ಅಲ್ಲಿ ವೇಗದಷ್ಟೇ ತಾಳಿಕೆಯೂ ಮುಖ್ಯ. 1968ರ ಲಂಡನ್–ಸಿಡ್ನಿ ರ‍್ಯಾಲಿ ಇದಕ್ಕೆ ಒಳ್ಳೆಯ ಉದಾಹರಣೆ. ಲಂಡನ್ನಿನಿಂದ ಹೊರಟ 98 ಕಾರುಗಳು ಟರ್ಕಿ, ಇರಾನ್, ಅಫ್ಘಾನಿಸ್ತಾನಗಳನ್ನು ಹಾದು ದೆಹಲಿಯ ಮೂಲಕ ಮುಂಬಯಿಗೆ ಬರಬೇಕಿತ್ತು. ಅಲ್ಲಿಂದ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಪಯಣ. ಕೊನೆ ಮುಟ್ಟಿದವು 56 ಮಾತ್ರ. ಬಲಶಾಲಿ ಕಾರುಗಳೆಲ್ಲ ಹಿಂದೆ ಬಿದ್ದು, ಆಂಡ್ರ್ಯೂ ಕೋವನ್ ತಂಡದ ಹಿಲ್‌ಮನ್ ಹಂಟರ್ ಗೆದ್ದಿತು. ಅದು ಬ್ರಿಟನ್ನಿನ ಮಧ್ಯಮ ವರ್ಗದ ಕುಟುಂಬಗಳು ಬಳಸುತ್ತಿದ್ದ ಸಾಧಾರಣ ಮಾದರಿಯ ಕಾರು!

ಹತ್ತು ವರ್ಷಗಳ ನಂತರ ಫ್ರಾನ್ಸಿನ ತಿಯೆರಿ ಸಾಬಿನ್ ಎಂಬಾತ ಪ್ಯಾರಿಸ್–ಡಾಕಾರ್ ರ‍್ಯಾಲಿಯನ್ನು ಹುಟ್ಟುಹಾಕಿದ. 1977ರಲ್ಲಿ ಬೇರೊಂದು ರ‍್ಯಾಲಿಯಲ್ಲಿ ಮೋಟಾರ್ ಸೈಕಲ್ ಓಡಿಸುತ್ತ ಲಿಬಿಯಾದ ಮರುಭೂಮಿಯಲ್ಲಿ ದಾರಿ ತಪ್ಪಿ ಬದುಕಿ ಬಂದವನು ಆತ. 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಿಂದ 182 ವಾಹನಗಳು ಹೊರಟವು. ಸೆನೆಗಲ್ಲಿನ ಡಾಕಾರ್ ಸೇರಿದ್ದು 74. ಆರಂಭದ ವರ್ಷಗಳಲ್ಲಿ ಅಲ್ಲಿಯೂ ಮಾಮೂಲಿ ಕಾರುಗಳನ್ನು ತಿದ್ದಿ ತೀಡಿಕೊಂಡು ಬಂದ ಹವ್ಯಾಸಿಗಳೇ ಹೆಚ್ಚು. 1982ರಲ್ಲಿ ಮಾರೋ ಸಹೋದರರು ಗೆದ್ದದ್ದು ಮಾರ್ಪಡಿಸಿದ ರೆನೋ 20 ಕಾರಿನಲ್ಲಿ. ಬರಬರುತ್ತ ದೊಡ್ಡ ಕಂಪನಿಗಳು ಕಾಲಿಟ್ಟವು. ಮೆಕ್ಯಾನಿಕ್‌ಗಳ ಪಡೆ, ಬಿಡಿಭಾಗ ಹೊತ್ತ ಲಾರಿಗಳು, ಹೆಲಿಕಾಪ್ಟರುಗಳು ಬಂದವು. ಹವ್ಯಾಸಿಗೆ ಅದು ಕೈಗೆಟುಕದ ಆಟವಾಯಿತು.

ಅಣಕವೇ ಆಟವಾದ ಬಗೆ

ಈ ಆಡಂಬರಕ್ಕೆ ಅಣಕವಾಗಿ ಹುಟ್ಟಿದ್ದು ಪ್ಲಿಮತ್–ಡಾಕಾರ್ ಚಾಲೆಂಜ್. ಈ ಶತಮಾನದ ಆರಂಭದಲ್ಲಿ ಜೂಲಿಯನ್ ನೊವಿಲ್ ಎಂಬ ಇಂಗ್ಲೆಂಡಿನ ಷೇರು ದಲ್ಲಾಳಿ ಇದನ್ನು ಆರಂಭಿಸಿದ. ನಿಯಮ ಬಹಳ ಸರಳ. ಕಾರಿಗೆ 100 ಪೌಂಡ್, ಅದನ್ನು ಸಜ್ಜುಗೊಳಿಸಲು 15 ಪೌಂಡ್. ಅಂದಿನ ಲೆಕ್ಕದಲ್ಲಿ ಕಾರಿಗೆ ಎಂಟು ಸಾವಿರ ರೂಪಾಯಿಗಿಂತ ಕಡಿಮೆ, ರಿಪೇರಿಗೆ ಸಾವಿರದ ಚಿಲ್ಲರೆ! ಈ ಹಣದಲ್ಲಿ ಕಾರನ್ನು ಅಣಿಗೊಳಿಸಿ ಸ್ಪೇನ್, ಮೊರಾಕೊ, ಪಶ್ಚಿಮ ಸಹಾರ, ಮಾರಿಟೇನಿಯಾಗಳ ಮೂಲಕ ಪಶ್ಚಿಮ ಆಫ್ರಿಕಾ ತಲುಪಬೇಕು. ಬಹುಮಾನವಿಲ್ಲ, ಹಿಂದೆ ಸಹಾಯದ ಲಾರಿಯೂ ಇಲ್ಲ. ಮುಂದೆ ಈ ಪಯಣದ ಕೊನೆಯ ಊರು ಗ್ಯಾಂಬಿಯಾ ದೇಶದ ಬಾಂಜುಲ್ ಆಯಿತು. ಅಲ್ಲಿ ಕಾರುಗಳನ್ನು ಹರಾಜು ಹಾಕಿ, ಬಂದ ಹಣವನ್ನು ಸ್ಥಳೀಯ ಸೇವಾ ಸಂಸ್ಥೆಗಳಿಗೆ ಕೊಡುವ ಪದ್ಧತಿ ಬೆಳೆಯಿತು.

2004ರಲ್ಲಿ ಮಂಗೋಲ್ ರ‍್ಯಾಲಿ ಬಂತು. ಅಲ್ಲಿನ ಕಟ್ಟಳೆ ಎಂಜಿನ್ ಒಂದು ಲೀಟರಿನೊಳಗಿರಬೇಕು ಎಂಬುದು. ಅಂದರೆ ಹೆಚ್ಚುಕಡಿಮೆ ನಮ್ಮ ಮಾರುತಿ 800ರ ಅಳತೆ. ಮೊದಲ ವರ್ಷ ಮಂಗೋಲಿಯಾಕ್ಕೆ ಹೊರಟ ಆರು ಕಾರುಗಳಲ್ಲಿ ನಾಲ್ಕು ಗುರಿ ಮುಟ್ಟಿದವು. ಫ್ರಾನ್ಸಿನ ವಿದ್ಯಾರ್ಥಿಗಳಿಗಾಗಿ ‘4ಎಲ್ ಟ್ರೋಫಿ’ ಎಂಬ ಇನ್ನೊಂದು ರ‍್ಯಾಲಿ ಇದೆ. ಅದರಲ್ಲಿ ಓಡುವುದು 1961ರಲ್ಲಿ ಮಾರುಕಟ್ಟೆಗೆ ಬಂದ ರೆನೋ 4 ಮಾದರಿ. ಮೊರಾಕೊದ ಮಕ್ಕಳಿಗೆ ಶಾಲಾ ಸಾಮಗ್ರಿಗಳನ್ನು ಹೊತ್ತು ಒಯ್ಯುವುದು ಅಲ್ಲಿನ ರೂಢಿ.

ಓಡುವ ಕಾರು ನೂರು ಪೌಂಡಿಗೆ ಸಿಗುವುದಾದರೂ ಹೇಗೆ? ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳು ಸಾಮಾನ್ಯವಾಗಿ ಪ್ರತಿವರ್ಷ ಸುರಕ್ಷತಾ ತಪಾಸಣೆಯಲ್ಲಿ ತೇರ್ಗಡೆಯಾಗಬೇಕು. ಅಲ್ಲಿ ಮೆಕ್ಯಾನಿಕ್‌ನ ಕೂಲಿ ದುಬಾರಿ. ತುಕ್ಕು ತೆಗೆದು ಬೆಸುಗೆ ಹಾಕಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ. ಮೂಗಿಗಿಂತ ಮೂಗುತಿ ಭಾರವಾದಾಗ ಮಾಲೀಕ ಕಾರನ್ನೇ ಕೈಬಿಡುತ್ತಾನೆ. ಎಂಜಿನ್ ಇನ್ನೂ ಗಟ್ಟಿಯಾಗಿರುತ್ತದೆ. ಸತ್ತಿರುವುದು ಅದರ ಮಾರುಕಟ್ಟೆ ಬೆಲೆ ಮಾತ್ರ. ತನ್ನ ಶ್ರಮಕ್ಕೆ ಕೂಲಿ ಲೆಕ್ಕ ಹಾಕದ ಹವ್ಯಾಸಿಗೆ ಅದೇ ಲಾಭ.

ಏನು ನೋಡಬೇಕು?

ಇಂಥ ಕಾರನ್ನು ಆರಿಸುವವರು ಬಣ್ಣ, ಸೀಟುಗಳ ಕಡೆ ಕಣ್ಣು ಹಾಯಿಸುವುದಿಲ್ಲ. ಮೊದಲು ಕಾರಿನ ಅಡಿಗೆ ತಲೆ ಹಾಕುತ್ತಾರೆ. ಬಾಗಿಲಿನ ಅಂಚಿನ ತುಕ್ಕು ಕ್ಷಮ್ಯ. ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗುಗಳನ್ನು ಬಿಗಿದಿರುವ ಜಾಗದ ತುಕ್ಕು ಕ್ಷಮ್ಯವಲ್ಲ. ಕಲ್ಲುದಾರಿಯಲ್ಲಿ ಹೊಡೆತವೆಲ್ಲ ಬೀಳುವುದು ಅಲ್ಲಿಗೇ. ಎರಡನೆಯದು, ಎಂಜಿನ್ ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ ನೋಡುವುದು. ಅದರ ಒಳಬದಿಯಲ್ಲಿ ಮಜ್ಜಿಗೆಯಂಥ ಬಿಳಿ ಜಿಡ್ಡು ಅಂಟಿದ್ದರೆ ಆಯಿಲ್‌ಗೆ ನೀರು ಸೇರುತ್ತಿರುವ ಅನುಮಾನ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಮೂರನೆಯದು ರೇಡಿಯೇಟರ್, ಅದರ ರಬ್ಬರ್ ಪೈಪುಗಳು, ಫ್ಯಾನು. ಮರುಭೂಮಿಯ ಬಿಸಿಲಿನಲ್ಲಿ ಮರಳಿನ ಮೇಲೆ ನಿಧಾನವಾಗಿ ಏಗುವಾಗ ಎಂಜಿನ್ನಿಗೆ ಗಾಳಿ ಸಾಲುವುದಿಲ್ಲ. ಆಗ ಕಾರನ್ನು ಕಾಯುವುದು ಇವೇ.

ರಿಪೇರಿಯಲ್ಲಿಯೂ ಆದ್ಯತೆಯಿದೆ. ಬ್ರೇಕು, ಟೈರು ಮೊದಲು. ಬಳಿಕ ಬೆಲ್ಟುಗಳು. ಅನಂತರ ಎಂಜಿನ್ನಿನ ತಳದ ಆಯಿಲ್ ಚೇಂಬರ್‌ಗೆ ರಕ್ಷಣೆಯಾಗಿ ಒಂದು ದಪ್ಪ ಕಬ್ಬಿಣದ ತಗಡು. ಒಂದೇ ಒಂದು ಕಲ್ಲು ಆ ಚೇಂಬರನ್ನು ಒಡೆದರೆ ಆಯಿಲ್ ಸೋರಿ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಬಿಗಿದುಕೊಳ್ಳುತ್ತದೆ. ಎರಡು ಸ್ಟೆಪ್ನಿ, ಗಾಳಿ ಹೊಡೆಯುವ ಪಂಪು, ಒಂದು ಸಲಿಕೆ ಜೊತೆಗಿರಲೇಬೇಕು. ಮರಳಿನಲ್ಲಿ ಚಕ್ರ ಹೂತರೆ ಟೈರಿನ ಗಾಳಿಯನ್ನು ಇಳಿಸುತ್ತಾರೆ. ಟೈರು ಒಂಟೆಯ ಪಾದದಂತೆ ಅಗಲವಾಗಿ ಹರಡಿ ಭಾರವನ್ನು ಹಂಚಿಕೊಳ್ಳುತ್ತದೆ. ಗಟ್ಟಿ ನೆಲ ಸಿಕ್ಕೊಡನೆ ಮತ್ತೆ ಗಾಳಿ ತುಂಬದಿದ್ದರೆ ಟೈರು ಹಾಳು. ಪೆಟ್ರೋಲ್ ಟ್ಯಾಂಕಿನ ಸಣ್ಣ ತೂತಿಗೆ ಬಟ್ಟೆ ಸೋಪು ತಿಕ್ಕಿ ಮೆತ್ತುವ ಉಪಾಯ ನಮ್ಮ ಹೆದ್ದಾರಿಯ ಚಾಲಕರಿಗೂ ಗೊತ್ತಿರುವಂಥದ್ದೇ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲವಾದ್ದರಿಂದ ಅದು ಮುಂದಿನ ಊರಿನವರೆಗೆ ತಾಳುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಹಣಕ್ಕೆ ಮಿತಿ ಹಾಕಿದರೆ ಪ್ರಾಣಕ್ಕೆ ಅಪಾಯವಲ್ಲವೇ? ಅಮೆರಿಕದಲ್ಲಿ 2006ರಲ್ಲಿ ಆರಂಭವಾದ ‘24 ಅವರ್ಸ್ ಆಫ್ ಲೆಮನ್ಸ್’ ಇದಕ್ಕೊಂದು ಉತ್ತರ ಕಂಡುಕೊಂಡಿತು. ಇದು ರ‍್ಯಾಲಿಯಲ್ಲ, ಟ್ರ್ಯಾಕಿನ ಮೇಲಿನ ರೇಸು. ಕಾರಿನ ಬೆಲೆಯ ಮಿತಿ 500 ಡಾಲರ್. ಆದರೆ ಬ್ರೇಕು, ಸೀಟು ಬೆಲ್ಟು, ಕಾರು ಮಗುಚಿದಾಗ ಚಾಲಕನನ್ನು ಕಾಯುವ ಕಬ್ಬಿಣದ ಪಂಜರ ಇವು ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ಮಿತಿ ಮೀರಿದವರಿಗೆ ದಂಡವಾಗಿ ಸುತ್ತುಗಳನ್ನು ಕಳೆಯುತ್ತಾರೆ. ಜಿಪುಣತನ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ಗೆರೆ ಇಲ್ಲಿ ಸ್ಪಷ್ಟವಾಗಿದೆ. ರಸ್ತೆಯ ರ‍್ಯಾಲಿಗಳಲ್ಲಿ ಈ ಗೆರೆ ಇನ್ನೂ ಮುಖ್ಯ. ಬ್ರೇಕು ಕೈಕೊಟ್ಟರೆ ಅಪಾಯ ಕಾರಿನೊಳಗಿರುವವರಿಗಷ್ಟೇ ಅಲ್ಲ. ದಾರಿಬದಿಯಲ್ಲಿ ನಡೆಯುವ ಅಪರಿಚಿತ ಹಳ್ಳಿಗನಿಗೂ ಹೌದು.

ದಾನವೋ, ಕಸವೋ?

ಪಯಣ ಮುಗಿದ ಮೇಲೆ ಉಳಿಯುವ ಪ್ರಶ್ನೆ ಇನ್ನೂ ದೊಡ್ಡದು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ. ಆದರೆ ಇಲ್ಲಿ ನೋಡಲೇಬೇಕಾಗಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2020ರಲ್ಲಿ ಪ್ರಕಟಿಸಿದ ವರದಿಯಂತೆ, 2015ರಿಂದ 2018ರವರೆಗೆ ಯೂರೋಪು, ಜಪಾನ್, ಅಮೆರಿಕಗಳಿಂದ ಸುಮಾರು 1 ಕೋಟಿ 40 ಲಕ್ಷ ಹಳೆಯ ಲಘು ವಾಹನಗಳು ಹೊರದೇಶಗಳಿಗೆ ರಫ್ತಾದವು. ಅವುಗಳಲ್ಲಿ ಶೇ 80ರಷ್ಟು ಸೇರಿದ್ದು ಬಡ ಹಾಗೂ ಮಧ್ಯಮ ಆದಾಯದ ದೇಶಗಳನ್ನು; ದೊಡ್ಡ ಪಾಲು ಆಫ್ರಿಕಾಕ್ಕೆ. ಅಲ್ಲಿಗೆ ಹೋದ ಅನೇಕ ಕಾರುಗಳಿಗೆ ಹೊರಟ ದೇಶದಲ್ಲೇ ಓಡುವ ಅರ್ಹತಾ ಪತ್ರ ಇರಲಿಲ್ಲ. ಈ ಪ್ರವಾಹದ ಮುಂದೆ ರ‍್ಯಾಲಿಯ ಕಾರುಗಳು ಹನಿಯಷ್ಟೇ. ಆದರೂ ಹನಿಯೂ ಅದೇ ದಿಕ್ಕಿಗೆ ಹರಿಯುತ್ತದೆ.

ಸ್ವೀಕರಿಸುವ ದೇಶಗಳು ಸುಮ್ಮನೆ ಕುಳಿತಿಲ್ಲ. ಗ್ಯಾಂಬಿಯಾದಲ್ಲಿ 1965ರಿಂದ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಬಲಗಡೆ ಸ್ಟಿಯರಿಂಗ್ ಇರುವ ಬ್ರಿಟನ್ನಿನ ಕಾರುಗಳು ಅಲ್ಲಿಗೆ ಒಗ್ಗುವುದಿಲ್ಲ. ಹೀಗಾಗಿ ಎಡಗಡೆ ಸ್ಟಿಯರಿಂಗ್ ಇರುವ ಕಾರನ್ನೇ ತರಬೇಕೆಂಬ ನಿಯಮ ಬಂತು. ಸೆನೆಗಲ್ ಆಮದಾಗುವ ಕಾರುಗಳ ವಯಸ್ಸಿಗೆ ಮಿತಿ ಹಾಕಿತು. ಮಂಗೋಲ್ ರ‍್ಯಾಲಿಯ ಕೊನೆಯ ನಿಲ್ದಾಣವೇ ಮುಂದೆ ಮಂಗೋಲಿಯಾದ ಗಡಿಯಾಚೆ, ರಷ್ಯಾದ ಉಲಾನ್ ಉಡೆಗೆ ಸರಿಯಿತು. ಆಗ ಹದಿನೈದು ದೇಶಗಳಿದ್ದ ಪಶ್ಚಿಮ ಆಫ್ರಿಕಾದ ಒಕ್ಕೂಟ 2021ರ ಜನವರಿಯಿಂದ ಆಮದು ವಾಹನಗಳಿಗೆ ಹೊಗೆಯ ಮಾನದಂಡವನ್ನು ಗೊತ್ತುಪಡಿಸಿತು.

ಹಾಗೆಂದು ಬಾಂಜುಲ್‌ನ ಹರಾಜಿನಲ್ಲಿ ಕಾರು ಕೊಂಡವನಿಗೆ ಮೋಸವಾಯಿತೆಂದು ಸಾರಾಸಗಟಾಗಿ ಹೇಳಲಾಗದು. ಬ್ರಿಟನ್ನಿನಲ್ಲಿ ಕೂಲಿ ದುಬಾರಿಯಾದ್ದರಿಂದ ಸತ್ತ ಕಾರು, ಕೂಲಿ ಅಗ್ಗವಾಗಿರುವಲ್ಲಿ ಇನ್ನೂ ಹಲವು ವರ್ಷ ಟ್ಯಾಕ್ಸಿಯಾಗಿ ದುಡಿಯಬಲ್ಲದು. ಆದರೆ ಅದು ದಾನವೆನಿಸುವುದು ಯಾವಾಗ? ಬ್ರೇಕು, ಚಾಸಿ ನೆಟ್ಟಗಿದ್ದು, ಬಿಡಿಭಾಗ ಅಲ್ಲಿಯೇ ಸಿಗುವಂತಿದ್ದಾಗ ಮಾತ್ರ. ಅದಿಲ್ಲದೆ ಕೊಟ್ಟರೆ, ತಮ್ಮ ಊರಿನ ಗುಜರಿಯನ್ನು ಇನ್ನೊಬ್ಬರ ಹಿತ್ತಲಿಗೆ ಎಸೆದಂತೆಯೇ ಸರಿ.

ಹಳೆಯ ಕಾರಿನ ರ‍್ಯಾಲಿ ಕಲಿಸುವ ಪಾಠ ಇದೇ ಇರಬಹುದು. ಯಂತ್ರಕ್ಕೆ ಬೆಲೆ ಕಟ್ಟುವುದು ಮಾರುಕಟ್ಟೆಯಾದರೂ ಅದಕ್ಕೆ ಆಯುಷ್ಯ ಕೊಡುವುದು ರಿಪೇರಿ ಬಲ್ಲ ಕೈ. ಸಹಾರ ದಾಟಲೆಂದು ಕಾರಿಗೆ ಮಾಡುವ ಆರೈಕೆ ದಾಟಿದವನಿಗಷ್ಟೇ ಸಲ್ಲದೆ, ಮರುದಿನ ಅದರ ಬೀಗದ ಕೈ ಹಿಡಿಯುವ ಅಪರಿಚಿತನಿಗೂ ಸಲ್ಲಬೇಕು.