ಹಳೆಯ ಅಡುಗೆ ಯಂತ್ರ: ದುರಸ್ತಿಯೋ, ಹೊಸದೋ?

ಅಡುಗೆಮನೆಯ ಯಂತ್ರಗಳು ಕೆಡುವುದು ಬಹುಪಾಲು ಹಬ್ಬದ ಮುನ್ನಾದಿನವೇ. ಹೋಳಿಗೆಗೆ ಹೂರಣ ರುಬ್ಬುವ ಹೊತ್ತಿಗೆ ಮಿಕ್ಸಿ ನಿಲ್ಲುತ್ತದೆ, ಬೇಸಿಗೆಯ ನಡುವೆ ಫ್ರಿಜ್ ತಂಪು ಬಿಡುತ್ತದೆ. ಇದಕ್ಕೆ ಕಾರಣವೂ ಇದೆ. ಯಂತ್ರದ ಮೇಲೆ ಹೆಚ್ಚಿನ ಭಾರ ಬೀಳುವುದು ಆ ದಿನಗಳಲ್ಲಿಯೇ. ಆ ಗಡಿಬಿಡಿಯಲ್ಲಿ ಮನೆಯವರು ಕೈಗೊಳ್ಳುವ ತೀರ್ಮಾನ ಮಾತ್ರ ಅನೇಕ ವೇಳೆ ತಪ್ಪುತ್ತದೆ. ಇನ್ನೂರು ರೂಪಾಯಿಯಲ್ಲಿ ಸರಿಹೋಗುವ ಯಂತ್ರ ಗುಜರಿಗೆ ಹೋಗುತ್ತದೆ. ಎಂದೋ ಬಿಡಬೇಕಾಗಿದ್ದ ಯಂತ್ರ ವರ್ಷಕ್ಕೆ ಮೂರು ಬಾರಿ ದುರಸ್ತಿಯ ಅಂಗಡಿಯ ಮೆಟ್ಟಿಲೇರುತ್ತದೆ. ಈ ವಿಷಯವನ್ನು ಸದ್ಭಕ್ತರ ಮುಂದೆ ಸ್ವಲ್ಪ ವಿವರವಾಗಿ ಇಡಬೇಕೆಂಬುದು ನಮ್ಮ ಉದ್ದೇಶ.

ದುರಸ್ತಿಯ ವೆಚ್ಚವು ಹೊಸದರ ಬೆಲೆಯ ಅರ್ಧವನ್ನು ಮೀರಿದರೆ ಹೊಸದನ್ನೇ ಕೊಳ್ಳಬೇಕೆಂಬ ಲೆಕ್ಕವೊಂದು ಜನರಲ್ಲಿ ರೂಢಿಯಲ್ಲಿದೆ. ಅದು ಪೂರ್ತಿ ಸುಳ್ಳಲ್ಲ, ಆದರೆ ಸಾಲದು. ವೆಚ್ಚವನ್ನು ಕೇಳುವ ಮೊದಲು ಕೆಟ್ಟಿರುವ ಭಾಗ ಯಾವುದೆಂದು ಕೇಳಬೇಕು. ಪ್ರತಿಯೊಂದು ಯಂತ್ರದಲ್ಲಿಯೂ ಸವೆಯಲೆಂದೇ ಇಟ್ಟ ಭಾಗಗಳು ಕೆಲವಿರುತ್ತವೆ; ಯಂತ್ರವನ್ನು ಯಂತ್ರವಾಗಿ ನಿಲ್ಲಿಸುವ ಭಾಗಗಳು ಬೇರೆ. ಮೊದಲನೆಯವು ಸವೆದರೆ ಯಂತ್ರಕ್ಕೆ ವಯಸ್ಸಾಯಿತೆಂದು ಅರ್ಥವಲ್ಲ. ಹಿಂದೆ ಬೀಸುಕಲ್ಲು ನುಣುಪಾದಾಗ ಅದನ್ನು ಯಾರೂ ಬೀದಿಗೆ ಎಸೆಯುತ್ತಿರಲಿಲ್ಲ. ಊರಿಗೆ ಬಂದ ಕಲ್ಲುಕುಟಿಗರು ಉಳಿಯಿಂದ ಕಚ್ಚು ಹಾಕಿಕೊಟ್ಟರೆ ಕಲ್ಲು ಮತ್ತೆ ಹಿಟ್ಟು ಕೊಡುತ್ತಿತ್ತು. ಕಲ್ಲೇ ಸೀಳಿದರೆ ಮಾತ್ರ ಬೇರೆ ಕಲ್ಲು.

ಮಿಕ್ಸಿಯನ್ನೇ ನೋಡೋಣ. ಅದರ ಮೋಟಾರಿನೊಳಗೆ ಎರಡು ಚಿಕ್ಕ ಇಂಗಾಲದ ತುಂಡುಗಳಿರುತ್ತವೆ. ಅಂಗಡಿಯವರು ಇವನ್ನು ಕಾರ್ಬನ್ ಬ್ರಷ್ ಎನ್ನುತ್ತಾರೆ. ತಿರುಗುವ ಭಾಗಕ್ಕೆ ಉಜ್ಜಿಕೊಂಡೇ ವಿದ್ಯುತ್ತನ್ನು ಸಾಗಿಸುವುದು ಇವುಗಳ ಕೆಲಸವಾದ್ದರಿಂದ ಸವೆಯುವುದು ಇವುಗಳ ಸ್ವಭಾವ. ಮಿಕ್ಸಿ ಒಮ್ಮೆ ಓಡಿ ಒಮ್ಮೆ ನಿಂತರೆ, ಕೆಳಗಿನ ಗಾಳಿಕಂಡಿಯಲ್ಲಿ ಮೊದಲಿಗಿಂತ ಹೆಚ್ಚು ಕಿಡಿ ಕಂಡರೆ, ಬ್ರಷ್ ಮುಗಿದಿರುವ ಸಂಭವವೇ ಹೆಚ್ಚು. ಇದು ಅಲ್ಪ ಖರ್ಚಿನ, ಅರ್ಧ ಗಂಟೆಯ ಕೆಲಸ. ಮೋಟಾರು ಗುಯ್‌ಗುಟ್ಟುತ್ತಿದ್ದು ಬ್ಲೇಡು ಮಾತ್ರ ತಿರುಗದಿದ್ದರೆ, ಜಾರಿಗೂ ಮೋಟಾರಿಗೂ ನಡುವೆ ಇರುವ ಕಪ್ಲರ್ ಸವೆದಿದೆ ಎಂದರ್ಥ. ಜಾರು ಸಿಕ್ಕಿಹಾಕಿಕೊಂಡಾಗ ತಾನು ಮುರಿದು ಮೋಟಾರನ್ನು ಉಳಿಸುವ ಭಾಗವದು. ಅದು ಮುರಿಯಿತೆಂದು ಮಿಕ್ಸಿಯನ್ನು ದೂರುವುದು ನ್ಯಾಯವಲ್ಲ.

ಇನ್ನೊಂದು ಸಂಗತಿಯನ್ನು ತಾಯಂದಿರು ಅವಶ್ಯವಾಗಿ ಗಮನಿಸಬೇಕು. ಬಹಳಷ್ಟು ಮಿಕ್ಸಿಗಳ ತಳದಲ್ಲಿ, ಅನೇಕ ವೇಳೆ ಕೆಂಪು ಬಣ್ಣದ, ಒಂದು ಚಿಕ್ಕ ಗುಂಡಿ ಇರುತ್ತದೆ. ಭಾರ ಹೆಚ್ಚಾದಾಗ ಅದು ಹೊರಕ್ಕೆ ಚಿಮ್ಮಿ ಮಿಕ್ಸಿಯನ್ನು ನಿಲ್ಲಿಸುತ್ತದೆ. ಪ್ಲಗ್ ತೆಗೆದು, ಹತ್ತು ಹದಿನೈದು ನಿಮಿಷ ಆರಲು ಬಿಟ್ಟು, ಜಾರಿನ ಪದಾರ್ಥ ಕಡಿಮೆ ಮಾಡಿ, ಗುಂಡಿಯನ್ನು ಒಳಕ್ಕೆ ಒತ್ತಿದರೆ ಯಂತ್ರ ಮತ್ತೆ ಓಡುತ್ತದೆ. ಇಷ್ಟನ್ನು ಅರಿಯದೆ ಮಿಕ್ಸಿ ಸತ್ತಿತೆಂದು ಹೊಸದನ್ನು ಕೊಂಡ ಮನೆಗಳು ಕಡಿಮೆಯೇನಲ್ಲ.

ಜಾರಿನ ತಳದಲ್ಲಿ ಕಪ್ಪು ನೀರು ಸೋರಿದರೆ ಅಥವಾ ಚಟ್ನಿಯಲ್ಲಿ ಕಪ್ಪು ಕಂಡರೆ ಬ್ಲೇಡಿನ ಬುಷ್ ಸವೆದಿದೆ. ಆ ಜಾರನ್ನು ಅಂದೇ ನಿಲ್ಲಿಸಿ ಬುಷ್ ಮತ್ತು ಬ್ಲೇಡು ಬದಲಾಯಿಸಬೇಕು. ಮಿಕ್ಸಿ ಬದಲಾಯಿಸುವ ಅಗತ್ಯವಿಲ್ಲ. ಆದರೆ ಸುಟ್ಟ ವಾಸನೆಯೊಂದಿಗೆ ಹೊಗೆ ಬಂದು ಮೋಟಾರಿನ ಸುರುಳಿಯೇ ಸುಟ್ಟಿದ್ದರೆ ವಿಷಯ ಬೇರೆ. ಸುರುಳಿಯನ್ನು ಮತ್ತೆ ಸುತ್ತಿಸಬಹುದು. ಹಾಕುವುದು ತಾಮ್ರದ ತಂತಿಯೋ ಅಲ್ಯುಮಿನಿಯಂ ತಂತಿಯೋ, ಎಷ್ಟು ತಿಂಗಳು ಹೊಣೆ ಹೊರುತ್ತಾರೆ ಎಂಬುದನ್ನು ಮೊದಲೇ ಕೇಳಿ. ತಾಮ್ರವೆಂದು ಬಿಲ್ಲಿನಲ್ಲಿ ಬರೆದುಕೊಡಲು ಒಪ್ಪದಿದ್ದರೆ ಹೊಸ ಮಿಕ್ಸಿಯೇ ಲೇಸು. ಮೊದಲೇ ಗಟ್ಟಿಯಿಲ್ಲದ ಅಗ್ಗದ ಮಿಕ್ಸಿಗೆ ಆ ಖರ್ಚೂ ವ್ಯರ್ಥ.

ಇಲ್ಲಿಯೇ ಒಂದು ಮಾತು ಸೇರಿಸಬೇಕಾಗಿದೆ. ಮನೆಬಳಕೆಯ ಮಿಕ್ಸಿಗಳ ಮೇಲೆ ಸಾಮಾನ್ಯವಾಗಿ 30 ನಿಮಿಷದ ಮಿತಿ ಬರೆದಿರುತ್ತದೆ. ಅರ್ಧ ಗಂಟೆ ಎಡೆಬಿಡದೆ ಓಡಿಸಬಹುದೆಂದು ಇದರ ಅರ್ಥವಲ್ಲ. ಕೆಲವು ನಿಮಿಷ ಓಡಿಸಿ, ಬಿಡುವು ಕೊಟ್ಟು, ಮತ್ತೆ ಓಡಿಸುವ ಕ್ರಮದಲ್ಲಿ ಒಟ್ಟು ಅಷ್ಟು ಸಮಯ. ಗೃಹಪ್ರವೇಶಕ್ಕೋ ದಾಸೋಹಕ್ಕೋ ನೂರಾರು ಜನರ ಮಸಾಲೆಯನ್ನು ಮನೆಯ ಮಿಕ್ಸಿಯಲ್ಲಿ ರುಬ್ಬಲು ಕೂತರೆ ಸುರುಳಿ ಸುಡುವುದು ಸಹಜ. ಅಂತಹ ಕಾರ್ಯಕ್ಕೆ ದೊಡ್ಡ ಗ್ರೈಂಡರನ್ನು ಬಾಡಿಗೆಗೆ ತರುವುದೇ ಮಿತವ್ಯಯ.

ಗ್ರೈಂಡರಿನ ವಿಷಯದಲ್ಲಿ ನಾವು ಸಾಮಾನ್ಯವಾಗಿ ದುರಸ್ತಿಯ ಪಕ್ಷವೇ. ಕಲ್ಲಿನ ಗ್ರೈಂಡರುಗಳಿಗೆ ತಮಿಳುನಾಡಿನ ಕೊಯಮತ್ತೂರು ಹೆಸರುವಾಸಿ. ಅಲ್ಲಿನ ವೆಟ್ ಗ್ರೈಂಡರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಇವುಗಳ ಮೋಟಾರಿನಲ್ಲಿ ಸವೆಯುವ ಬ್ರಷ್ಷುಗಳು ಸಾಮಾನ್ಯವಾಗಿ ಇರುವುದಿಲ್ಲ. ಕಾಲಕಾಲಕ್ಕೆ ಬೆಲ್ಟು, ಬುಷ್, ಕೆಪಾಸಿಟರ್ ಬದಲಾಯಿಸಿದರೆ ಹಳೆಯ ಭಾರವಾದ ಗ್ರೈಂಡರುಗಳು ಎರಡು ತಲೆಮಾರು ಬಾಳುತ್ತವೆ. ಸ್ವಿಚ್ ಹಾಕಿದಾಗ ಗುಂಯ್ ಎಂಬ ಸದ್ದು ಮಾತ್ರ ಬಂದು ಕಲ್ಲು ತಿರುಗದಿದ್ದರೆ ಬಹಳ ಸಲ ಕೆಪಾಸಿಟರ್ ಹೋಗಿರುತ್ತದೆ. ಆ ಕ್ಷಣವೇ ಸ್ವಿಚ್ ಆರಿಸಬೇಕು. ಸದ್ದು ಬರುತ್ತಿದೆಯಲ್ಲ, ಇನ್ನೇನು ತಿರುಗೀತು ಎಂದು ಕಾಯುತ್ತ ನಿಂತರೆ ಅಲ್ಪ ಖರ್ಚಿನ ಕೆಲಸ ಸುರುಳಿ ಸುಡುವವರೆಗೂ ಬೆಳೆಯುತ್ತದೆ. ಆದರೆ ಹಳೆಯ ಗ್ರೈಂಡರಿನ ಲೋಹದ ಮೈ ಮುಟ್ಟಿದಾಗ ಕೈ ಝುಮ್ಮೆಂದರೆ ಯಾವ ಕಾರಣಕ್ಕೂ ಅದನ್ನು ಬಳಸಬಾರದು. ಒದ್ದೆ ಕೈ, ಒದ್ದೆ ನೆಲ, ಬರಿಗಾಲು ಇವು ಮೂರೂ ಸೇರುವ ಸ್ಥಳ ಅಡುಗೆಮನೆ. ಎರಡು ಕಡ್ಡಿಯ ಪ್ಲಗ್ ಹಾಕಿ ಓಡಿಸುವ ರೂಢಿಯನ್ನು ಬಿಟ್ಟು, ಭೂಸಂಪರ್ಕವಿರುವ ಮೂರು ಕಡ್ಡಿಯ ಪ್ಲಗ್ ಹಾಕಿಸಿ, ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿ. ಅಮ್ಮನ ಕಾಲದ ಗ್ರೈಂಡರ್ ಎಂಬ ಅಕ್ಕರೆ ಇರಲಿ. ಆದರೆ ಆ ಅಕ್ಕರೆಯ ಬೆಲೆಯನ್ನು ಸೊಸೆಯ ಜೀವ ತೆರುವಂತಾಗಬಾರದು.

ಪ್ರೆಷರ್ ಕುಕ್ಕರಿನ ಬಗ್ಗೆ ಹೆಚ್ಚು ವಿಚಾರ ಬೇಕಿಲ್ಲ. ಗ್ಯಾಸ್ಕೆಟ್, ಸೀಟಿ, ಸೇಫ್ಟಿ ವಾಲ್ವ್ ಇವು ಬದಲಾಯಿಸಲೆಂದೇ ಇರುವ ಭಾಗಗಳು. ಅದೇ ಕಂಪನಿಯ, ಅದೇ ಅಳತೆಯವನ್ನೇ ಹಾಕಬೇಕು. ಒಳಗೆ ನೀರು ಆರಿ ಶಾಖ ಮಿತಿಮೀರಿದಾಗ ಕರಗಿ ಆವಿಗೆ ದಾರಿ ಕೊಡುವುದು ಸೇಫ್ಟಿ ವಾಲ್ವಿನ ಧರ್ಮ. ಅದು ಪದೇ ಪದೇ ಹೋಗುತ್ತದೆಂದು ಬೆಸುಗೆ ಹಾಕಿಸಿ ಮುಚ್ಚುವವರಿದ್ದಾರೆ. ಹಾಗೆ ಮಾಡಿದ ಕುಕ್ಕರು ಒಲೆಯ ಮೇಲಿಟ್ಟ ಸಿಡಿಮದ್ದಿಗೆ ಸಮ. ತಳ ಉಬ್ಬಿದ್ದರೆ, ಮುಚ್ಚಳ ಸೊಟ್ಟಗಾಗಿದ್ದರೆ, ಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ದುರಸ್ತಿಯ ಮಾತೇ ಬೇಡ. ಹೊಸದನ್ನು ಕೊಳ್ಳುವಾಗ ಐಎಸ್ಐ ಗುರುತನ್ನು ನೋಡಿಯೇ ಕೊಳ್ಳಿ. ಮನೆಬಳಕೆಯ ಕುಕ್ಕರಿಗೆ ಈ ಗುರುತು 2021ರ ಫೆಬ್ರುವರಿ 1ರಿಂದ ಕಡ್ಡಾಯವಾಗಿದೆ.

ನಿಜವಾದ ತೊಡಕಿರುವುದು ಫ್ರಿಜ್ಜಿನಲ್ಲಿ. ಮಿಕ್ಸಿ ದಿನಕ್ಕೆ ಕೆಲವು ನಿಮಿಷ ದುಡಿದರೆ ಫ್ರಿಜ್ಜಿಗೆ ಹಗಲಿರುಳೆಂಬ ಭೇದವಿಲ್ಲ. ಆದ್ದರಿಂದ ಇಲ್ಲಿ ದುರಸ್ತಿಯ ಖರ್ಚಿನ ಜೊತೆಗೆ ವಿದ್ಯುತ್ತಿನ ಖರ್ಚನ್ನೂ ತೂಗಬೇಕಾಗುತ್ತದೆ.

ತಂಪು ಕಡಿಮೆಯಾದ ಕೂಡಲೇ ಗ್ಯಾಸ್ ಹೋಗಿದೆ ಎಂಬ ಮಾತನ್ನು ಒಪ್ಪಬೇಡಿ. ಬಾಗಿಲಿನ ಸಂದಿಯಲ್ಲಿ ಒಂದು ನೋಟನ್ನಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ತಡೆಯಿಲ್ಲದೆ ಜಾರಿ ಬಂದರೆ ಬಾಗಿಲಿನ ರಬ್ಬರು ಸಡಿಲಾಗಿದೆ. ಅದನ್ನು ಬದಲಾಯಿಸಿದರೆ ಸಾಕಾಗಬಹುದು. ಹಿಂಬದಿಯ ಕಪ್ಪು ಕೊಳವೆಗಳ ಮೇಲೆ ಧೂಳು ಕೂತಿದ್ದರೆ, ಗೋಡೆಗೆ ತೀರ ಒತ್ತಿ ನಿಲ್ಲಿಸಿದ್ದರೆ, ಶಾಖ ಹೊರಹೋಗದೆ ತಂಪು ಕುಂದುತ್ತದೆ. ಥರ್ಮೋಸ್ಟಾಟ್, ರಿಲೇ ಇವು ಸಣ್ಣ ಭಾಗಗಳು, ಬದಲಾಯಿಸಬಹುದಾದವು. ನಿಜವಾಗಿಯೂ ಗ್ಯಾಸ್ ಹೋಗಿದ್ದರೆ, ಹೋದದ್ದು ಎಲ್ಲಿಂದ ಎಂಬುದು ಮುಖ್ಯ. ಗ್ಯಾಸ್ ತಾನಾಗಿ ಕರಗಿ ಹೋಗುವುದಿಲ್ಲ. ಸೋರಿದರೆ ಮಾತ್ರ ಹೋಗುತ್ತದೆ. ಸೋರುವ ಜಾಗ ಮುಚ್ಚದೆ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಹೊರಗಿನ ಕೊಳವೆಯಲ್ಲಿ ಸೋರಿಕೆಯಿದ್ದರೆ ಬೆಸೆಯಬಹುದು. ಗೋಡೆಯೊಳಗಿನ ಫೋಮಿನಲ್ಲಿ ಹುದುಗಿದ ಕೊಳವೆ ಸೋರುತ್ತಿದ್ದರೆ ಫ್ರಿಜ್ಜಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಐಸ್ ತೆಗೆಯಲು ಚಾಕು ಬಳಸುವ ಮನೆಗಳಲ್ಲಿ ಫ್ರೀಜರಿಗೇ ತೂತು ಬೀಳುವುದು ಸಾಮಾನ್ಯ. ಸ್ವಿಚ್ ಆರಿಸಿ ಒಂದು ರಾತ್ರಿ ಕಾದರೆ ಆ ಐಸ್ ತಾನೇ ಕರಗುತ್ತಿತ್ತು. ಇತ್ತೀಚಿನ ಫ್ರಿಜ್ಜುಗಳಲ್ಲಿ ಹಲವಕ್ಕೆ ಆರ್-600ಎ ಎಂಬ ಅನಿಲ ತುಂಬಿರುತ್ತದೆ. ಇದು ಹೊತ್ತಿಕೊಳ್ಳುವ ಅನಿಲ. ಹಿಂದಿನ ಫಲಕದಲ್ಲಿ ಈ ಹೆಸರಿದ್ದರೆ ತರಬೇತಿ ಪಡೆದವರ ಹೊರತು ಬೇರೆಯವರಿಂದ ಬೆಸುಗೆ ಮಾಡಿಸಬಾರದು.

ಇನ್ನು ವಿದ್ಯುತ್ತಿನ ಲೆಕ್ಕ. ಜಾತ್ರೆಗೋ ಮದುವೆಗೋ ಎರಡು ದಿನ ಮನೆಯವರೆಲ್ಲ ಊರಿಗೆ ಹೊರಟಾಗ ಫ್ರಿಜ್ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಆರಿಸಿ, ಮೀಟರಿನ ಅಂಕಿ ಬರೆದಿಟ್ಟು ಹೋಗಿ; ಬಂದ ಕೂಡಲೇ ಮತ್ತೆ ಓದಿ. ಎರಡು ದಿನಕ್ಕೆ 5 ಯೂನಿಟ್ ಎಂದುಕೊಳ್ಳೋಣ. ಆಗ ದಿನಕ್ಕೆ ಎರಡೂವರೆ, ವರ್ಷಕ್ಕೆ 912ರಷ್ಟು. ಬಾಗಿಲು ತೆರೆದು ಮುಚ್ಚುವ ದಿನಗಳಲ್ಲಿ ಇದು ಇನ್ನೂ ತುಸು ಹೆಚ್ಚೇ. ಹೊಸ ಫ್ರಿಜ್ಜಿನ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ 250 ಯೂನಿಟ್ ಎಂದಿದ್ದರೆ ಉಳಿತಾಯ 662 ಯೂನಿಟ್; ಯೂನಿಟ್ಟಿಗೆ 6 ರೂಪಾಯಿಯಂತೆ ವರ್ಷಕ್ಕೆ ಸುಮಾರು 4 ಸಾವಿರ. 20 ಸಾವಿರದ ಫ್ರಿಜ್ ಐದು ವರ್ಷದಲ್ಲಿ ತನ್ನ ಬೆಲೆಯನ್ನು ತಾನೇ ತೀರಿಸಿತು. ಅದೇ ನಿಮ್ಮ ಹಳೆಯ ಫ್ರಿಜ್ ಎರಡು ದಿನಕ್ಕೆ ಎರಡೂವರೆ ಯೂನಿಟ್ಟನ್ನಷ್ಟೇ ಬಳಸಿದರೆ ಉಳಿತಾಯ ವರ್ಷಕ್ಕೆ 1,200 ರೂಪಾಯಿಯ ಆಸುಪಾಸು. ಬೆಲೆ ತೀರಲು ಹದಿನಾರು ವರ್ಷ ಬೇಕು. ಅಂತಹ ಫ್ರಿಜ್ಜನ್ನು ವಿದ್ಯುತ್ತಿನ ನೆಪದಲ್ಲಿ ಬದಲಾಯಿಸುವುದರಲ್ಲಿ ಅರ್ಥವಿಲ್ಲ. ಚೀಟಿಯಲ್ಲಿ ನಕ್ಷತ್ರಗಳನ್ನು ಎಣಿಸುವುದಕ್ಕಿಂತ ವರ್ಷದ ಯೂನಿಟ್ಟನ್ನೇ ಓದುವುದು ಒಳಿತು. ಮಾನದಂಡ ಆಗಾಗ್ಗೆ ಬಿಗಿಯಾಗುವುದರಿಂದ ಹಳೆಯ ಐದು ನಕ್ಷತ್ರ ಇಂದಿನ ಐದಕ್ಕೆ ಸಮನಲ್ಲ.

ಕರ್ನಾಟಕದಲ್ಲಿ ಗೃಹಜ್ಯೋತಿಯ ಫಲಾನುಭವಿಗಳಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ನಿಗದಿತ ಮಿತಿಯೊಳಗೆ ಬಿಲ್ಲೇ ಬರದ ಮನೆಗೆ ಫ್ರಿಜ್ಜಿನ ಉಳಿತಾಯ ಕೈಗೆ ಕಾಣುವುದಿಲ್ಲ. ಆದರೆ ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ ಕಟ್ಟಬೇಕಾಗುವುದರಿಂದ, ಆ ಗಡಿಯ ಹತ್ತಿರವಿರುವ ಮನೆಗೆ ತಿಂಗಳಿಗೆ ಐವತ್ತು ಯೂನಿಟ್ ಹೆಚ್ಚಿಗೆ ನುಂಗುವ ಹಳೆಯ ಫ್ರಿಜ್ ದುಬಾರಿಯೇ ಸರಿ. ಬಳಕೆಯ ಆರು ತಿಂಗಳ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ನಿರ್ಧರಿಸಿ.

ದುರಸ್ತಿ ಮಾಡುವವರದು ಕಾಯಕ. ಅವರೊಡನೆ ಚೌಕಾಸಿ ಮಾಡುವುದಕ್ಕಿಂತ ಸರಿಯಾದ ಪ್ರಶ್ನೆ ಕೇಳುವುದು ಇಬ್ಬರಿಗೂ ಹಿತ: ಕೆಟ್ಟಿರುವ ಭಾಗ ಯಾವುದು, ಹಾಕುವುದು ಕಂಪನಿಯದೋ ಬೇರೆಯದೋ, ಹಳೆಯ ಭಾಗವನ್ನು ಹಿಂದಿರುಗಿಸುವಿರಾ. ಬಿಡಿಭಾಗ ಸಿಗುವುದೇ ಇಲ್ಲವೆಂದರೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ಆರಂಭಿಸಿದ ದುರಸ್ತಿ ಹಕ್ಕಿನ ಜಾಲತಾಣದಲ್ಲಿ ತಯಾರಕರ ಮಾಹಿತಿಯನ್ನು ಹುಡುಕಬಹುದು. ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹೊಸದು ಬಂದ ಮೇಲೆ ಹಳೆಯದನ್ನು ಏನು ಮಾಡುವುದೆಂಬುದು ಉಳಿಯಿತು. ಓಡುವ ಯಂತ್ರವನ್ನು ಬೇಕಾದವರಿಗೆ ಕೊಡುವುದು ಸರಿಯೇ. ಮೈಯಲ್ಲಿ ವಿದ್ಯುತ್ ಹರಿಯುವ ಗ್ರೈಂಡರನ್ನು, ತಳ ಉಬ್ಬಿದ ಕುಕ್ಕರನ್ನು ಮನೆಗೆಲಸದವರಿಗೋ ದಾಸೋಹದ ಅಡುಗೆಮನೆಗೋ ದಾನವೆಂದು ಕೊಡುವ ರೂಢಿಯನ್ನು ಮಾತ್ರ ನಾವು ಒಪ್ಪುವುದಿಲ್ಲ. ನಮ್ಮ ಮಕ್ಕಳ ಪಕ್ಕ ಇಡಲಾಗದ್ದನ್ನು ಪರರ ಮಕ್ಕಳ ಪಕ್ಕ ಇಡಲು ನಮಗೆ ಹಕ್ಕಿಲ್ಲ. ಅಂತಹದನ್ನು ವೈರ್ ಕತ್ತರಿಸಿ, ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತರಿಗೇ ಒಪ್ಪಿಸಬೇಕು. ಹೊಸದನ್ನು ಮಾರಿದ ಅಂಗಡಿಯಲ್ಲಿ ವಿನಿಮಯದ ಏರ್ಪಾಡಿದ್ದರೆ ಅದೂ ಆದೀತು. ಫ್ರಿಜ್ಜನ್ನು ಕೊಂಡೊಯ್ಯುವವರೆಗೆ ಹಿತ್ತಲಲ್ಲೋ ಮೆಟ್ಟಿಲ ಕೆಳಗೋ ಇಡುವುದಾದರೆ ಬಾಗಿಲನ್ನು ಕಳಚಿಯೇ ಇಡಿ. ಆಡುವ ಮಕ್ಕಳು ಒಳಹೊಕ್ಕು ಬಾಗಿಲು ಮುಚ್ಚಿಕೊಂಡರೆ ಒಳಗೆ ಗಾಳಿಯಿರುವುದಿಲ್ಲ, ಕೂಗಿದರೂ ಹೊರಗೆ ಕೇಳಿಸುವುದಿಲ್ಲ.